ನೀರು, ಐಸ್ ಕೊಡುವ ಫ್ರಿಜ್ ಕೂರಿಸುವ ಮುನ್ನ: ಜಾಗ, ಕರೆಂಟು, ಎಲ್ಲಕ್ಕಿಂತ ಮೊದಲು ನೀರಿನ ಒತ್ತಡ

ಬಾಗಿಲಲ್ಲೇ ತಣ್ಣೀರು, ಐಸ್ ಕೊಡುವ ದೊಡ್ಡ ಫ್ರಿಜ್‌ಗಳಲ್ಲಿ ಎರಡು ಜಾತಿ. ಒಂದರ ಒಳಗೆ ನಾಲ್ಕೈದು ಲೀಟರಿನ ಡಬ್ಬಿ ಇರುತ್ತದೆ. ಕುಡಿಯುವ ನೀರನ್ನು ನೀವೇ ತುಂಬಬೇಕು. ಇನ್ನೊಂದಕ್ಕೆ ಹಿಂಬದಿಯಿಂದ ಕಾಲು ಇಂಚಿನ ಪೈಪ್ ಹೋಗುತ್ತದೆ, ನೀರು ತಾನೇ ಬರುತ್ತದೆ. ಅಂಗಡಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಪೈಪಿನ ಮಾಡೆಲ್ ಮನೆಗೆ ಬಂದು, ಕವರ್ ಬಿಚ್ಚಿ, ಜಾಗಕ್ಕೆ ಕೂತ ಮೇಲೆ ‘ಸರ್, ನಿಮ್ಮ ಲೈನಲ್ಲಿ ಪ್ರೆಶರ್ ಸಾಲಲ್ಲ’ ಎಂದು ಟೆಕ್ನಿಷಿಯನ್ ಹೇಳುವುದು ನಮ್ಮ ಕಡೆ ತೀರಾ ಮಾಮೂಲು. ಅದಕ್ಕೇ ಈ ಲೇಖನ ಫ್ರಿಜ್‌ನಿಂದ ಶುರುವಾಗುವುದಿಲ್ಲ, ತಾರಸಿಯ ಮೇಲಿನ ಟ್ಯಾಂಕಿನಿಂದ ಶುರುವಾಗುತ್ತದೆ.

ಒತ್ತಡದ ಲೆಕ್ಕ

ಪೈಪಿನ ನೀರು ಬೇಡುವ ಫ್ರಿಜ್‌ಗಳು ಸಾಮಾನ್ಯವಾಗಿ 20ರಿಂದ 120 ಪಿಎಸ್‌ಐ (ಒಂದು ಚದರ ಇಂಚಿನ ಮೇಲೆ ಬೀಳುವ ಪೌಂಡ್ ಲೆಕ್ಕದ ಭಾರ) ಒತ್ತಡ ಕೇಳುತ್ತವೆ. ಕೆಲವು ಮಾಡೆಲ್‌ಗಳಿಗೆ ಕನಿಷ್ಠ 30 ಬೇಕು. ನಿಮ್ಮದಕ್ಕೆ ಎಷ್ಟು ಅನ್ನುವುದು ಮ್ಯಾನ್ಯುಯಲ್‌ನಲ್ಲಿರುತ್ತದೆ. ಪ್ಲಂಬರ್‌ಗಳ ಭಾಷೆಯಲ್ಲಿ 20 ಪಿಎಸ್‌ಐ ಅಂದರೆ ಸುಮಾರು 1.4 ಕೆಜಿ, ಅಂದರೆ ಒಂದು ಚದರ ಸೆಂ.ಮೀ. ಮೇಲೆ ಅಷ್ಟು ಭಾರ. ಒಂದು ಕೆಜಿ ಒತ್ತಡ ಬರಬೇಕಾದರೆ ನೀರು ಹತ್ತು ಮೀಟರ್, ಅಂದರೆ ಸುಮಾರು 33 ಅಡಿ ಎತ್ತರದಲ್ಲಿ ನಿಂತಿರಬೇಕು. ಈಗ ನಿಮ್ಮ ಮನೆ ನೋಡಿ. ನೆಲಮಹಡಿ, ಅದರ ಮೇಲೆ ಎರಡು ಅಂತಸ್ತು, ಅಂತಸ್ತಿಗೆ ಹತ್ತು ಅಡಿ, ತಾರಸಿಯ ಮೇಲೆ ಐದು ಅಡಿಯ ಸ್ಟ್ಯಾಂಡಿನಲ್ಲಿ ಟ್ಯಾಂಕ್ ಅಂತ ಇಟ್ಟುಕೊಳ್ಳಿ. ನೆಲಮಹಡಿಯ ಅಡುಗೆಮನೆಗೆ ಒಟ್ಟು 35 ಅಡಿ ಸಿಕ್ಕಿತು, ಒತ್ತಡ ಒಂದು ಕೆಜಿಗಿಂತ ಕೂದಲೆಳೆಯಷ್ಟು ಹೆಚ್ಚು. ಮೇಲಿನ ಮಹಡಿಗೆ 15 ಅಡಿ, ಅರ್ಧ ಕೆಜಿಯೂ ಇಲ್ಲ. ನಲ್ಲಿ ತಿರುಗಿಸಿದರೆ ಬಿಂದಿಗೆ ಬೇಗ ತುಂಬುತ್ತದಲ್ಲ ಅನ್ನಬಹುದು. ಅದು ಮುಕ್ಕಾಲು ಇಂಚಿನ ಪೈಪಿನ ಗಾತ್ರದಿಂದ ಬರುವ ಹರಿವು. ಕಾಲು ಇಂಚಿನ ಪೈಪಿಗೆ ಆ ದಪ್ಪದ ಅನುಕೂಲ ಇಲ್ಲ.

ಒತ್ತಡ ಕಡಿಮೆ ಇದ್ದರೆ ನೀರು ನಿಧಾನ ಬರುತ್ತದೆ, ಅಷ್ಟೇ ತಾನೇ ಎಂದು ಬಿಟ್ಟುಬಿಡುವ ಹಾಗಿಲ್ಲ. ಫ್ರಿಜ್‌ನ ಹಿಂದೆ ಕರೆಂಟಿನಿಂದ ತೆರೆದು ಮುಚ್ಚುವ ಸಾಲೆನಾಯ್ಡ್ ವಾಲ್ವ್ ಇರುತ್ತದೆ. ಅದರ ಒಳಗಿನ ರಬ್ಬರ್ ಪೊರೆ ಬಿಗಿಯಾಗಿ ಮುಚ್ಚಿಕೊಳ್ಳುವುದು ನೀರಿನ ಒತ್ತಡದಿಂದಲೇ. ಒತ್ತಡ ಸಾಲದಿದ್ದರೆ ಅದು ಪೂರ್ತಿ ಮುಚ್ಚುವುದಿಲ್ಲ, ಹನಿ ಹನಿಯಾಗಿ ಬಿಡುತ್ತಲೇ ಇರುತ್ತದೆ. ಆ ಹನಿ ಐಸ್ ತಟ್ಟೆಗೆ ಬಿದ್ದು ಹೆಪ್ಪುಗಟ್ಟಿ, ಎರಡು ವಾರದಲ್ಲಿ ಐಸ್ ಮೇಕರ್ ಒಂದೇ ಗಡ್ಡೆಯಾಗುತ್ತದೆ. ಜೊತೆಗೆ, ಹೆಚ್ಚಿನ ಐಸ್ ಮೇಕರ್‌ಗಳು ನೀರನ್ನು ಅಳೆದು ತುಂಬುವುದಿಲ್ಲ. ವಾಲ್ವ್ ಇಷ್ಟು ಸೆಕೆಂಡು ತೆರೆದಿರಲಿ ಎಂಬ ಲೆಕ್ಕದಲ್ಲಿ ತುಂಬುತ್ತವೆ. ಒತ್ತಡ ಅರ್ಧವಾದರೆ ಚಿಪ್ಪಿನಂಥ ಟೊಳ್ಳು ಐಸ್ ಬರುತ್ತದೆ.

ಅಳೆಯುವುದು ಸುಲಭ. ಅರ್ಧ ಇಂಚಿನ ತಿರುಪಿನ ಪ್ರೆಶರ್ ಗೇಜ್ ಪ್ಲಂಬಿಂಗ್ ಅಂಗಡಿಯಲ್ಲಿ ಸಿಗುತ್ತದೆ. ಸಿಂಕಿನ ಕೆಳಗಿನ ಆಂಗಲ್ ಕಾಕ್‌ಗೆ ಸಿಕ್ಕಿಸಿ, ಮೊದಲು ಮನೆಯ ಎಲ್ಲ ನಲ್ಲಿ ಮುಚ್ಚಿ ಓದಿ. ಆಮೇಲೆ ಬಚ್ಚಲುಮನೆಯ ನಲ್ಲಿ ಪೂರ್ತಿ ಬಿಟ್ಟು ಮತ್ತೆ ಓದಿ. ಎರಡನೆಯ ಅಂಕಿಯೇ ನಿಮ್ಮ ಅಂಕಿ. ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಒತ್ತಡದ ಪಂಪ್ ವ್ಯವಸ್ಥೆ ಇದ್ದರೆ ಎರಡು–ಮೂರು ಕೆಜಿ ಸಿಗುತ್ತದೆ, ಚಿಂತೆ ಇಲ್ಲ. ಎತ್ತರದ ಕಟ್ಟಡದ ಕೆಳಗಿನ ಮಹಡಿಗಳಲ್ಲಿ ಒತ್ತಡ ಮಿತಿ ಮೀರಿರುವ ಸಾಧ್ಯತೆಯೂ ಉಂಟು; ಅಲ್ಲಿ ಒತ್ತಡ ತಗ್ಗಿಸುವ ವಾಲ್ವ್ ಬೇಕು. ಸ್ವಂತ ಮನೆಯಲ್ಲಿ ಬಚ್ಚಲುಮನೆಯ ಶವರ್‌ಗೆಂದು ಪ್ರೆಶರ್ ಪಂಪ್ ಹಾಕಿಸಿದ್ದರೆ ಅಡುಗೆಮನೆಯ ಲೈನ್ ಅದಕ್ಕೆ ಸೇರಿದೆಯೇ ನೋಡಿ. ಎಷ್ಟೋ ಮನೆಗಳಲ್ಲಿ ಅಡುಗೆಮನೆಗೆ ನೇರ ಟ್ಯಾಂಕಿನಿಂದ ಬೇರೆ ಪೈಪ್ ಬಂದಿರುತ್ತದೆ.

ಒತ್ತಡ ಇಲ್ಲ, ಪಂಪ್ ಹಾಕಿಸುವ ಮನಸ್ಸೂ ಇಲ್ಲ ಅಂದರೆ ಡಬ್ಬಿ ತುಂಬುವ ಮಾಡೆಲ್ ತೆಗೆದುಕೊಳ್ಳಿ. ಅದರಲ್ಲಿ ಯಾವ ನಾಚಿಕೆಯೂ ಇಲ್ಲ. ಬಾಡಿಗೆ ಮನೆಯವರಿಗಂತೂ ಅದೇ ವಾಸಿ.

ಯಾವ ನೀರು ಕೊಡಬೇಕು

ಫ್ರಿಜ್ ಜೊತೆ ಬರುವ ಫಿಲ್ಟರ್ ಇದ್ದಲಿನ ಫಿಲ್ಟರ್. ಕ್ಲೋರಿನ್ ವಾಸನೆ, ಸಣ್ಣ ಕಸ ಹಿಡಿಯುತ್ತದೆ. ಗಡಸುತನವನ್ನಾಗಲೀ ಕರಗಿದ ಲವಣವನ್ನಾಗಲೀ ತೆಗೆಯುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ, ಕರಗಿದ ಘನವಸ್ತು, ಅಂದರೆ ಟಿಡಿಎಸ್, 500 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ ಮಾತ್ರ 600 ಮತ್ತು 2000ದವರೆಗೆ ಸಹಿಸಬಹುದು. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಮನೆಗೂ ಬರೀ ಬೋರ್ ನೀರಿನ ಮನೆಗೂ ಅಜಗಜಾಂತರ. ಇನ್ನು ಸಂಪಿನಲ್ಲಿ ಕಾವೇರಿ, ಬೋರ್, ಟ್ಯಾಂಕರ್ ಮೂರೂ ಬೆರೆಯುವ ಮನೆಗಳಲ್ಲಿ ಇವತ್ತಿನ ನೀರು ನಾಳೆ ಇರುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಸಮಸ್ಯೆಯೂ ಇದೆ. ಇದ್ದಲಿನ ಫಿಲ್ಟರ್ ಅದಕ್ಕೆ ಮದ್ದಲ್ಲ. ಆದ್ದರಿಂದ ಬೋರ್ ನೀರಿನ ಮನೆಗಳಲ್ಲಿ ಆರ್‌ಒ ನೀರನ್ನೇ ಫ್ರಿಜ್‌ಗೆ ಕೊಡಬೇಕು.

ಇಲ್ಲಿ ಆಗುವ ತಪ್ಪು ಒಂದೇ ಥರದ್ದು. ಪ್ಲಂಬರ್ ಬಂದು ಆರ್‌ಒ ಯಂತ್ರದ ಯಾವುದೋ ಪೈಪಿಗೆ ಟಿ, ಅಂದರೆ ಲೈನನ್ನು ಕವಲೊಡೆಸುವ ಜೋಡಣೆ, ಹಾಕಿ ಹೋಗುತ್ತಾರೆ. ಯಂತ್ರಕ್ಕೆ ನೀರು ಬರುವ ಕಡೆ ಹಾಕಿದರೆ ಫ್ರಿಜ್‌ಗೆ ಹೋಗುವುದು ಶುದ್ಧವಾಗದ ನೀರು. ನೀರನ್ನು ಶೋಧಿಸುವ ಪೊರೆಯಿಂದ, ಅಂದರೆ ಮೆಂಬ್ರೇನಿನಿಂದ, ಹೊರಬರುವ ಪೈಪಿಗೆ ಹಾಕಿದರೆ ಹರಿವೇ ಸಾಲದು: ಗಂಟೆಗೆ 15 ಲೀಟರ್ ಯಂತ್ರ ಅಂದರೂ ನಿಮಿಷಕ್ಕೆ ಕಾಲು ಲೀಟರ್. ಇನ್ನು ಗೋಡೆಗೆ ನೇತುಹಾಕುವ ಯಂತ್ರದ ಏಳೆಂಟು ಲೀಟರಿನ ಟ್ಯಾಂಕಿನಿಂದ ತೆಗೆದರೆ ನೀರೇನೋ ಶುದ್ಧ, ಒತ್ತಡ ಶೂನ್ಯ. ಸರಿಯಾದ ದಾರಿ ಎರಡು. ಮೊದಲನೆಯದು, ಗೋಡೆಯ ಯಂತ್ರದ ಟ್ಯಾಂಕಿನ ಹೊರದಾರಿಯಿಂದ 24 ವೋಲ್ಟಿನ ಸಣ್ಣ ಡಯಾಫ್ರಮ್ ಪಂಪ್ ಮೂಲಕ ಫ್ರಿಜ್‌ಗೆ ಕೊಡುವುದು. ಪಂಪ್‌ಗೆ ಪ್ರೆಶರ್ ಸ್ವಿಚ್ ಇರಲೇಬೇಕು, ಅಂದರೆ ಫ್ರಿಜ್ ನೀರು ಕೇಳಿದಾಗ ಓಡಿ, ವಾಲ್ವ್ ಮುಚ್ಚಿದಾಗ ತಾನೇ ನಿಲ್ಲಬೇಕು. ಟ್ಯಾಂಕ್ ಬರಿದಾದಾಗ ಪಂಪ್ ಒಣಗಿ ಓಡದಂತೆ ಒಂದು ಫ್ಲೋಟ್ ಸ್ವಿಚ್ಚೂ ಇರಲಿ. ಎರಡನೆಯದು, ಸಿಂಕಿನ ಕೆಳಗೆ ಕೂರುವ, ಗಾಳಿ ಒತ್ತಡದ ಉಕ್ಕಿನ ಟ್ಯಾಂಕ್ ಇರುವ ಆರ್‌ಒ. ಇದರಲ್ಲಿ ಟ್ಯಾಂಕ್ ತುಂಬಿದ್ದಾಗ ಒತ್ತಡ ಚೆನ್ನಾಗಿರುತ್ತದೆ, ಬರಿದಾಗುತ್ತ ಬಂದಂತೆ ಇಳಿಯುತ್ತದೆ. ಖಾಲಿ ಟ್ಯಾಂಕಿನಲ್ಲಿ ಗಾಳಿ ಸುಮಾರು 7 ಪಿಎಸ್‌ಐ ಇರಬೇಕು. ವರ್ಷಕ್ಕೊಮ್ಮೆ ಬೈಕಿನ ಟೈರ್ ಗೇಜಿನಿಂದಲೇ ನೋಡಬಹುದು. ಮನೆ ತುಂಬ ಜನ, ಬೇಸಿಗೆಯಲ್ಲಿ ಎಲ್ಲರೂ ಲೋಟ ಹಿಡಿದು ನಿಲ್ಲುವವರು ಅಂದರೆ ಪಂಪೇ ಭರವಸೆಯದು.

ಆರ್‌ಒ ನೀರಿನ ದಾರಿಯಲ್ಲಿ ತಾಮ್ರದ ಪೈಪ್ ಬೇಡ. ಲವಣ ಕಡಿಮೆಯಾದ ನೀರು ತಾಮ್ರವನ್ನು ನಿಧಾನಕ್ಕೆ ತಿನ್ನುತ್ತದೆ. ಗೀಸರ್, ಸೋಲಾರ್ ಲೈನ್ ಕಡೆ ತಪ್ಪಿಯೂ ಹೋಗಬೇಡಿ. ಫ್ರಿಜ್‌ಗೆ ತಣ್ಣೀರಿನ ಲೈನ್ ಮಾತ್ರ.

ಜಾಗ, ಮಟ್ಟ, ಕರೆಂಟು

ಎರಡು ಬಾಗಿಲಿನ ಅಕ್ಕಪಕ್ಕದ ಫ್ರಿಜ್ ಸುಮಾರು 91 ಸೆಂ.ಮೀ. ಅಗಲ, 178–180 ಸೆಂ.ಮೀ. ಎತ್ತರ, ನೂರು ಕೆಜಿಗೂ ಹೆಚ್ಚು ತೂಕ. ಮಾಡ್ಯುಲರ್ ಕಿಚನ್ ಮಾಡುವವರು ‘ಫ್ರಿಜ್‌ಗೆ ಮೂರು ಅಡಿ’ ಎಂದು ಗೂಡು ಬಿಡುತ್ತಾರೆ. ಮೂರು ಅಡಿ ಅಂದರೆ 91.4 ಸೆಂ.ಮೀ.; ಫ್ರಿಜ್ ಒಳಗೆ ಹೋಗುತ್ತದೆ, ಉಸಿರಾಡುವುದಿಲ್ಲ. ಈಗಿನ ಫ್ರಿಜ್‌ಗಳ ಬಿಸಿ ಹೊರಹೋಗುವುದು ಹೆಚ್ಚಾಗಿ ಪಕ್ಕದ ತಗಡಿನ ಮೂಲಕ, ಹಾಗಾಗಿ ಪಕ್ಕ ಮುಟ್ಟಿದರೆ ಬೆಚ್ಚಗಿರುವುದು ಸಹಜ. ಗೂಡು 3 ಅಡಿ 4 ಇಂಚು ಇರಲಿ. ಹಿಂದೆ ಎರಡು ಇಂಚು, ಮೇಲೆ ಎರಡರಿಂದ ನಾಲ್ಕು ಇಂಚು ಬಿಡಿ. ಒಂದು ಪಕ್ಕ ಗೋಡೆ ಇದ್ದರೆ ಆ ಕಡೆ ಇನ್ನಷ್ಟು ಬೇಕು, ಇಲ್ಲವಾದರೆ ಬಾಗಿಲು 90 ಡಿಗ್ರಿಗೆ ನಿಂತುಬಿಡುತ್ತದೆ, ಒಳಗಿನ ತರಕಾರಿ ಡ್ರಾಯರ್ ಹೊರಗೆ ಎಳೆಯಲು ಬರುವುದಿಲ್ಲ.

ಅಡುಗೆಮನೆಯ ಬಾಗಿಲು ಎರಡೂವರೆ ಅಡಿ ಇದ್ದರೆ ಫ್ರಿಜ್‌ನ ಬಾಗಿಲುಗಳನ್ನು ಕಳಚಿಯೇ ಒಳಗೆ ತರಬೇಕಾಗಬಹುದು. ಇದನ್ನು ಕಂಪನಿಯ ಟೆಕ್ನಿಷಿಯನ್‌ನಿಂದಲೇ ಮಾಡಿಸಿ. ಫ್ರೀಜರ್ ಬಾಗಿಲಿನ ಹಿಂಜಿನ ಮೂಲಕ ನೀರಿನ ಪೈಪೂ ವೈರೂ ಹಾದು ಹೋಗಿರುತ್ತವೆ. ಸಾಮಾನು ಹೊರುವವರು ಬಾಗಿಲು ಎತ್ತಿದ ರಭಸಕ್ಕೆ ಪೈಪ್ ಕಿತ್ತುಬಂದರೆ ವಾರಂಟಿಯಲ್ಲಿ ತಕರಾರು. ದಾರಿಯಲ್ಲಿ ಅಡ್ಡ ಮಲಗಿಸಿ ತಂದಿದ್ದರೆ ತಕ್ಷಣ ಸ್ವಿಚ್ ಹಾಕಬೇಡಿ. ಕಂಪ್ರೆಸರ್ ಎಣ್ಣೆ ಪೈಪುಗಳಿಗೆ ಹರಿದಿರುತ್ತದೆ, ಅದು ಹಿಂದಿಳಿಯಲು ನಾಲ್ಕು ಗಂಟೆಯಾದರೂ ನೆಟ್ಟಗೆ ನಿಂತಿರಲಿ.

ನಮ್ಮ ಅಡುಗೆಮನೆಗಳ ನೆಲಕ್ಕೆ ನೀರು ಹರಿಯಲೆಂದು ಇಳಿಜಾರು ಕೊಟ್ಟಿರುತ್ತಾರೆ. ರಸಮಟ್ಟ ಇಟ್ಟು ಎಡ–ಬಲ ಸಮ ಮಾಡಿ, ಮುಂದಿನ ಕಾಲುಗಳನ್ನು ತಿರುಗಿಸಿ ಮುಂಭಾಗ ಕೂದಲಷ್ಟು, ಐದು ಮಿಲಿಮೀಟರ್, ಎತ್ತರ ಇರಿಸಿ. ಆಗ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಎರಡು ಬಾಗಿಲುಗಳ ಮೇಲಂಚು ಹೆಚ್ಚುಕಮ್ಮಿ ಕಂಡರೆ ಫ್ರಿಜ್ ಕೆಟ್ಟಿದೆ ಅಂದುಕೊಳ್ಳುವವರೇ ಹೆಚ್ಚು. ಬಹುಪಾಲು ಸಲ ಅದು ನೆಲದ ದೋಷ. ಸಣ್ಣ ಫ್ರಿಜ್‌ಗೆ ಇಡುವ ಚಕ್ರದ ಪ್ಲಾಸ್ಟಿಕ್ ಸ್ಟ್ಯಾಂಡ್ ಇದಕ್ಕೆ ಆಗದು.

ಪ್ಲಗ್‌ಗೆ ಸ್ವಂತ ಸಾಕೆಟ್ ಬೇಕು, ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಸಾಕೆಟ್ ಫ್ರಿಜ್‌ನ ಬೆನ್ನ ಹಿಂದೆಯೇ ಇದ್ದರೆ ಪ್ಲಗ್ ತಾಗಿ ಫ್ರಿಜ್ ಮುಂದಕ್ಕೆ ನಿಲ್ಲುತ್ತದೆ, ಆಪತ್ತಿನಲ್ಲಿ ಕೈಗೂ ಸಿಗುವುದಿಲ್ಲ. ಪಕ್ಕದ ಕಪಾಟಿನೊಳಗೆ ಅಥವಾ ಕಟ್ಟೆಯ ಮೇಲೆ ಇರಲಿ. ಎಲೆಕ್ಟ್ರಿಷಿಯನ್‌ನಿಂದ ಮಲ್ಟಿಮೀಟರಿನಲ್ಲಿ ನೋಡಿಸಿ: ಫೇಸ್–ನ್ಯೂಟ್ರಲ್ ಸುಮಾರು 230 ವೋಲ್ಟ್, ಫೇಸ್–ಅರ್ತ್ ಹೆಚ್ಚುಕಮ್ಮಿ ಅಷ್ಟೇ, ನ್ಯೂಟ್ರಲ್–ಅರ್ತ್ ನಾಲ್ಕೈದು ವೋಲ್ಟಿನ ಒಳಗೆ. ನೀರಿನ ಲೈನ್ ಇರುವ ಯಂತ್ರಕ್ಕೆ ಅರ್ತಿಂಗ್ ವಿಚಾರದಲ್ಲಿ ರಾಜಿ ಇಲ್ಲ. ಇನ್ವರ್ಟರ್ ಕಂಪ್ರೆಸರಿನ ಹಲವು ಮಾಡೆಲ್‌ಗಳಿಗೆ ಸ್ಟೆಬಿಲೈಸರ್ ಬೇಡ ಎಂದೇ ಬರೆದಿರುತ್ತದೆ; ಅದರಲ್ಲಿ ಕೊಟ್ಟಿರುವ ವೋಲ್ಟೇಜಿನ ಮಿತಿಯನ್ನು ನಿಮ್ಮ ಊರಿನ ಸಂಜೆಯ ವೋಲ್ಟೇಜಿಗೆ ಹೋಲಿಸಿ ತೀರ್ಮಾನಿಸಿ. ಮಲೆನಾಡು, ಕರಾವಳಿಯಲ್ಲಿ ಸಿಡಿಲಿನ ದಿನ ಪ್ಲಗ್ ಕೀಳುವ ಹಳೇ ಅಭ್ಯಾಸವೇ ಒಳ್ಳೆಯದು. ಇನ್ನೊಂದು ಮಾತು: ಈಗಿನ ಫ್ರಿಜ್‌ಗಳಲ್ಲಿ ತಂಪು ಮಾಡುವ ಆರ್600ಎ ಅನಿಲ ಉರಿಯುವಂಥದ್ದು. ಪ್ರಮಾಣ ಕೆಲವೇ ಹತ್ತು ಗ್ರಾಂ, ಭಯ ಬೇಡ. ಆದರೆ ಹಿಂಬದಿಯಲ್ಲಿ ಡ್ರಿಲ್ ಮಾಡುವುದು, ಒಳಗೆ ಗಟ್ಟಿಯಾದ ಐಸನ್ನು ಚಾಕುವಿನಿಂದ ಕೀಳುವುದು ಖಂಡಿತ ಕೂಡದು.

ಪೈಪ್ ಎಳೆಯುವುದು

ಬೇಕಾಗುವ ಸಾಮಾನು ಹೆಚ್ಚಿಲ್ಲ. ಆರ್‌ಒ ಅಂಗಡಿಯಲ್ಲಿ ಸಿಗುವ ಕಾಲು ಇಂಚಿನ ಬಿಳಿ ಪೈಪ್, ಆಹಾರ ದರ್ಜೆಯದು, ಬೇಕಾದ ಉದ್ದಕ್ಕಿಂತ ಮೂರು ಮೀಟರ್ ಹೆಚ್ಚಿಗೆ. ಅರ್ಧ ಇಂಚಿನ ಟಿ, ಅದಕ್ಕೆ ಕೂರುವ ಕಾಲು ಇಂಚಿನ ಬಾಲ್ ವಾಲ್ವ್. ಟೆಫ್ಲಾನ್ ಟೇಪ್. ಒತ್ತಿ ಕೂರಿಸುವ ಕನೆಕ್ಟರ್ ಎರಡು–ಮೂರು, ಅವುಗಳ ಬೀಗದ ಕ್ಲಿಪ್ ಸಮೇತ. 20 ಅಥವಾ 25 ಮಿಲಿಮೀಟರಿನ ಪಿವಿಸಿ ಕಾಂಡ್ಯೂಟ್. ಕೊನೆಯದನ್ನು ಯಾರೂ ಹೇಳುವುದಿಲ್ಲ, ಆದರೆ ಮೆದು ಪ್ಲಾಸ್ಟಿಕ್ ಪೈಪ್ ಕಂಡರೆ ಇಲಿಗೆ ಹಬ್ಬ. ಫ್ರಿಜ್ ಹಿಂದಿನ ಬೆಚ್ಚಗಿನ ಕತ್ತಲೆ ಅದಕ್ಕೆ ಇನ್ನೂ ಇಷ್ಟ. ನೆಲದಂಚಿನಲ್ಲಿ ಹೋಗುವ ಭಾಗವನ್ನೆಲ್ಲ ಕಾಂಡ್ಯೂಟಿನೊಳಗೆ ಹಾಯಿಸಿ. ಒಲೆಯ ಹಿಂದಿನಿಂದ ಎಳೆಯಬೇಡಿ. ಇರುವ ಪೈಪಿಗೆ ತೂತು ಕೊರೆದು ಬಿಗಿಯುವ ಸ್ಯಾಡಲ್ ವಾಲ್ವ್ ಅಗ್ಗ ಅಂತ ತರಬೇಡಿ. ಅದು ಸೋರುತ್ತದೆ, ಇಲ್ಲವೇ ಕಟ್ಟಿಕೊಳ್ಳುತ್ತದೆ.

ಮೊದಲು ಮೇಲಿನ ಗೇಟ್ ವಾಲ್ವ್ ಮುಚ್ಚಿ, ಸಿಂಕಿನ ನಲ್ಲಿ ಬಿಟ್ಟು ಉಳಿದ ನೀರು ಇಳಿಸಿ. ಆಂಗಲ್ ಕಾಕ್ ಬಳಿ ಟಿ ಕೂರಿಸಿ. ತಿರುಪಿಗೆ ಟೇಪನ್ನು ಬಿಗಿಯುವ ದಿಕ್ಕಿನಲ್ಲೇ ಎಂಟು–ಹತ್ತು ಸುತ್ತು ಸುತ್ತಬೇಕು; ತಿರುವುಮುರುವು ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ. ಪ್ಲಾಸ್ಟಿಕ್ ತಿರುಪಿದ್ದಲ್ಲಿ ಕೈಯಿಂದ ಬಿಗಿದು ಮೇಲೆ ಅರ್ಧ ಸುತ್ತು ಸ್ಪ್ಯಾನರ್, ಅಷ್ಟು ಸಾಕು. ಆರ್‌ಒ ಪಂಪಿನ ದಾರಿ ಆಯ್ದಿದ್ದರೆ ಈ ಟಿ ಬೇಡ. ಬಾಲ್ ವಾಲ್ವ್ ಪಂಪಿನ ನಂತರ ಬರಲಿ.

ಪೈಪನ್ನು ಬ್ಲೇಡಿನಿಂದ ನೇರವಾಗಿ ಕತ್ತರಿಸಿ. ಕತ್ತರಿ ಹಾಕಿದರೆ ಬಾಯಿ ಚಪ್ಪಟೆಯಾಗುತ್ತದೆ, ಓರೆಯಾಗಿ ಕೊಯ್ದರೆ ಒಳಗಿನ ರಬ್ಬರ್ ಉಂಗುರಕ್ಕೆ ಒಂದು ಕಡೆ ಮಾತ್ರ ತಾಗುತ್ತದೆ. ಒತ್ತಿ ಕೂರಿಸುವ ಕನೆಕ್ಟರ್ ಸೋರುವುದಕ್ಕೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಇವೆರಡೇ. ತುದಿಯಿಂದ 15 ಮಿಲಿಮೀಟರಿಗೆ ಪೆನ್ನಿನಲ್ಲಿ ಗುರುತು ಹಾಕಿ, ಗುರುತು ಮುಚ್ಚುವವರೆಗೆ ಒತ್ತಿ, ಒಮ್ಮೆ ಹಿಂದಕ್ಕೆ ಎಳೆದು ನೋಡಿ, ಕ್ಲಿಪ್ ಹಾಕಿ. ಕಳಚಬೇಕಾದರೆ ಕನೆಕ್ಟರಿನ ಅಂಚಿನ ಉಂಗುರವನ್ನು ಒಳಕ್ಕೆ ಒತ್ತಿ ಹಿಡಿದು ಪೈಪ್ ಎಳೆಯಬೇಕು. ಕಳಚಿದ ಪೈಪಿನ ತುದಿಯಲ್ಲಿ ಗೀರು ಬಿದ್ದಿರುತ್ತದೆ, ಆ ಒಂದು ಇಂಚು ಕತ್ತರಿಸಿ ಬಿಸಾಡಿ ಮತ್ತೆ ಹಾಕಿ.

ಫ್ರಿಜ್‌ಗೆ ಜೋಡಿಸುವ ಮೊದಲು ಪೈಪಿನ ತುದಿಯನ್ನು ಬಕೆಟ್ಟಿಗೆ ಬಿಟ್ಟು ಎರಡು–ಮೂರು ಲೀಟರ್ ನೀರು ಹರಿಸಿ. ಪಿವಿಸಿ ಪುಡಿ, ಮರಳು, ಟೇಪಿನ ಚೂರು ಎಲ್ಲ ಇದರಲ್ಲೇ ಹೋಗಬೇಕು. ಈ ಎರಡು ನಿಮಿಷದ ಕೆಲಸ ಬಿಟ್ಟರೆ ಆ ಕಸ ಹೋಗಿ ಸಾಲೆನಾಯ್ಡ್ ವಾಲ್ವ್‌ನ ಜರಡಿಯಲ್ಲಿ ಕೂರುತ್ತದೆ, ಹೊಸ ಫ್ರಿಜ್‌ನಲ್ಲಿ ಮೊದಲ ವಾರವೇ ನೀರು ನಿಲ್ಲುತ್ತದೆ. ನಂತರ ಫ್ರಿಜ್ ಹಿಂಬದಿಯ ಜಾಗಕ್ಕೆ ಜೋಡಿಸಿ. ಕೆಲವಕ್ಕೆ ಪೈಪ್ ನೇರ ಒತ್ತಿದರೆ ಸಾಕು, ಕೆಲವಕ್ಕೆ ವಾಷಿಂಗ್ ಮಷಿನ್ನಿನಂತೆ ಮುಕ್ಕಾಲು ಇಂಚಿನ ನಟ್ ಇರುತ್ತದೆ. ಅದರೊಳಗೆ ರಬ್ಬರ್ ವಾಷರ್ ಕೂತಿದೆಯೇ ನೋಡಿಕೊಂಡು ಬಿಗಿಯಿರಿ. ಹೆಚ್ಚಿಗೆ ಬಿಟ್ಟ ಪೈಪನ್ನು ಒಂದು ಅಡಿ ಅಗಲದ ಸುರುಳಿಯಾಗಿ ಸುತ್ತಿ ಹಿಂದೆ ಇಡಿ, ಆಗ ಗುಡಿಸಲು ಫ್ರಿಜ್ ಮುಂದೆ ಎಳೆದರೆ ಪೈಪ್ ಜಗ್ಗುವುದಿಲ್ಲ. ಹಿಂದಕ್ಕೆ ತಳ್ಳುವಾಗ ಚಕ್ರದಡಿ ಸಿಕ್ಕಿತೇ ಅಂತ ಟಾರ್ಚ್ ಬಿಟ್ಟು ನೋಡಿ.

ಕರೆಂಟ್ ಹಾಕುವ ಮುನ್ನ ನೀರಿನ ವಾಲ್ವ್ ತೆರೆದು, ಪ್ರತಿ ಜಾಯಿಂಟಿಗೂ ಒಣ ಟಿಶ್ಯೂ ಕಾಗದ ಸುತ್ತಿ ಒಂದು ಗಂಟೆ ಬಿಡಿ. ಕಣ್ಣಿಗೆ ಕಾಣದ ಹನಿ ಕಾಗದಕ್ಕೆ ಸಿಗುತ್ತದೆ. ಮರುದಿನ ಬೆಳಿಗ್ಗೆ ಇನ್ನೊಮ್ಮೆ ನೋಡಿ. ಪಂಪ್ ಇರುವವರಿಗೆ ಇನ್ನೂ ಸುಲಭ: ಯಾರೂ ನೀರು ಹಿಡಿಯದೆಯೂ ರಾತ್ರಿ ಪಂಪ್ ಆಗಾಗ ‘ಟುರ್ರ್’ ಅಂದರೆ ಎಲ್ಲೋ ಸೋರುತ್ತಿದೆ.

ಮೊದಲ ದಿನ

ಫಿಲ್ಟರ್ ಕೂರಿಸಿ ಬೀಗದ ಗುರುತಿನವರೆಗೆ ತಿರುಗಿಸಿ, ಅದರ ಮೇಲೆ ತಾರೀಖು ಬರೆಯಿರಿ. ಆರು ತಿಂಗಳಿಗೆ ಬದಲಿಸಬೇಕು. ಲೋಟ ಒತ್ತಿದ ತಕ್ಷಣ ನೀರು ಬರುವುದಿಲ್ಲ. ಒಳಗಿನ ಸುರುಳಿ ಟ್ಯಾಂಕ್ ತುಂಬಲು ಒಂದೆರಡು ನಿಮಿಷ ಬೇಕು, ಆಮೇಲೆ ಗಾಳಿ ಸಮೇತ ಉಗುಳುತ್ತದೆ. ಬಿಟ್ಟು ಬಿಟ್ಟು ಒತ್ತಿ ಏಳೆಂಟು ಲೀಟರ್ ಹರಿಸಿ, ಗಿಡಗಳಿಗೆ ಹಾಕಿ. ಮೊದಲು ಬರುವ ಕಪ್ಪು ಪುಡಿ ಫಿಲ್ಟರಿನ ಇದ್ದಲು. ಹಾಲಿನಂತೆ ಬೆಳ್ಳಗೆ ಬಂದು ಲೋಟದಲ್ಲಿ ಕೆಳಗಿನಿಂದ ತಿಳಿಯಾಗುತ್ತ ಬಂದರೆ ಅದು ಬರೀ ಗಾಳಿ. ಕೊನೆಗೆ 180 ಮಿಲಿಲೀಟರಿನ ಲೋಟ ಹಿಡಿದು ಗಡಿಯಾರ ನೋಡಿ: ಹತ್ತು ಸೆಕೆಂಡಿನೊಳಗೆ ತುಂಬಿದರೆ ಒತ್ತಡ ಚೆನ್ನಾಗಿದೆ.

ಫ್ರೀಜರನ್ನು ಮೈನಸ್ 18ಕ್ಕೆ ಇಡಿ. ಐಸ್ ಒಂದು ದಿನ ಕಳೆದ ಮೇಲೆಯೇ. ಮೊದಲ ಎರಡು–ಮೂರು ಕಂತು ಎಸೆಯಬೇಕು.

ಆಮೇಲೆ ಕಾಡುವವು

ನೀರು ತಿಂಗಳುಗಳಲ್ಲಿ ನಿಧಾನವಾಗುತ್ತ ಬಂದರೆ ಫಿಲ್ಟರ್ ಕಟ್ಟಿದೆ. ಫಿಲ್ಟರ್ ತೆಗೆದು ಕಂಪನಿ ಕೊಟ್ಟಿರುವ ಬೈಪಾಸ್ ಮುಚ್ಚಳ ಹಾಕಿ ನೋಡಿದರೆ ಗೊತ್ತಾಗುತ್ತದೆ. ಒಂದೇ ದಿನದಲ್ಲಿ ನಿಧಾನವಾದರೆ ಪೈಪ್ ಮಡಚಿದೆ ಅಥವಾ ಒತ್ತಡ ಬಿದ್ದಿದೆ. ಐಸ್ ಬರುತ್ತಿದೆ, ನೀರು ಮಾತ್ರ ಪೂರ್ತಿ ನಿಂತಿದೆ ಅಂದರೆ ಫ್ರೀಜರ್ ಬಾಗಿಲಿನೊಳಗಿನ ಪೈಪ್ ಹೆಪ್ಪುಗಟ್ಟಿರುತ್ತದೆ. ಫ್ರೀಜರನ್ನು ಮೈನಸ್ 23ಕ್ಕೆ ಇಟ್ಟು, ಚಳಿಗಾಲದಲ್ಲಿ ನೀರು ಹಿಡಿಯದೆ ಬಿಟ್ಟವರಿಗೆ ಹೀಗಾಗುತ್ತದೆ. ಐಸ್ ಕರಗಿದ ಲೋಟದ ತಳದಲ್ಲಿ ಬಿಳಿ ಪುಡಿ ಕಂಡರೆ ಅದು ಗಡಸು ನೀರಿನ ಸುಣ್ಣ, ವಿಷವಲ್ಲ, ಆದರೆ ಫ್ರಿಜ್‌ಗೆ ಆರ್‌ಒ ನೀರು ಹೋಗುತ್ತಿಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ನೆಲದ ಮೇಲೆ ನೀರು ನಿಂತರೆ ತಕ್ಷಣ ಪ್ಲಂಬರ್‌ಗೆ ಫೋನ್ ಮಾಡುವ ಮೊದಲು ಒಂದು ರಾತ್ರಿ ಬಾಲ್ ವಾಲ್ವ್ ಮುಚ್ಚಿಡಿ. ಬೆಳಿಗ್ಗೆ ಒಣಗಿದ್ದರೆ ತಪ್ಪು ಲೈನಿನದು. ಆಗಲೂ ಒದ್ದೆಯಿದ್ದರೆ ಫ್ರೀಜರಿನ ಮಂಜು ಕರಗಿದ ನೀರು ಇಳಿಯುವ ತೂತು ಕಟ್ಟಿಕೊಂಡಿದೆ. ಅದು ಫ್ರಿಜ್ ಮೆಕ್ಯಾನಿಕ್‌ನ ಕೆಲಸ, ಪ್ಲಂಬರ್‌ನದಲ್ಲ.

ನಾಲ್ಕು ದಿನ ಊರಿಗೆ ಹೊರಟರೆ ಬಾಲ್ ವಾಲ್ವ್ ಮುಚ್ಚಿ, ಐಸ್ ಮೇಕರ್ ಆಫ್ ಮಾಡಿ, ಪಂಪಿನ ಅಡಾಪ್ಟರ್ ಕೀಳಿ. ಆರ್‌ಒ ಟ್ಯಾಂಕ್ ಎಂಟೇ ಲೀಟರ್ ತಾನೇ, ಸೋರಿದರೆ ಎಷ್ಟು ಸೋರೀತು ಅಂದುಕೊಳ್ಳಬೇಡಿ. ಟ್ಯಾಂಕ್ ಖಾಲಿಯಾದಂತೆಲ್ಲ ಯಂತ್ರ ಮತ್ತೆ ತುಂಬಿಸುತ್ತಲೇ ಇರುತ್ತದೆ.